ಐವತ್ತರ ಹತ್ತಿರ ಅಲ್ಟ್ರಾಸೌಂಡ್ ಕಲಿತೆ: ನನ್ನ ಅನುಭವ

ಗದಗ ಜಿಲ್ಲೆಯ ಮುಂಡರಗಿಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಜ್ವರ, ಶುಗರ್, ಬಿಪಿ ನೋಡಿಕೊಂಡಿದ್ದ ಎಂಬಿಬಿಎಸ್ ಡಾಕ್ಟರ್ ನಾನು. ಐವತ್ತರ ಹತ್ತಿರ ಬಂದ ಮೇಲೆ ಆರು ತಿಂಗಳ ಅಲ್ಟ್ರಾಸೌಂಡ್ ತರಬೇತಿಗೆ ಹೆಸರು ಕೊಟ್ಟೆ. ಗೆಳೆಯರೆಲ್ಲ ನಕ್ಕರು. "ಈ ವಯಸ್ಸಿನಾಗ ಕಣ್ಣೂ ನಿಲ್ಲಂಗಿಲ್ಲ, ಕೈನೂ ನಿಲ್ಲಂಗಿಲ್ಲ, ಸುಮ್ನ ರೊಕ್ಕ ಕಳಕೋಬ್ಯಾಡೋ" ಅಂದ ಒಬ್ಬ. ಅವನೇ ಈಗ ತನ್ನ ಪೇಷಂಟುಗಳನ್ನು ನನ್ನ ಹತ್ತಿರ ಕಳಿಸುತ್ತಾನೆ, ಇರಲಿ.

ನಮ್ಮಂಥ ಎಂಬಿಬಿಎಸ್ ಡಾಕ್ಟರುಗಳ ಈ ತರಬೇತಿಗೆ 2014ರ ನಿಯಮ ಇದೆ: 300 ಗಂಟೆ, ಮಾಡಿದ ಸ್ಕ್ಯಾನುಗಳನ್ನು ಬರೆದಿಡುವ ಲಾಗ್‌ಬುಕ್, ಕೊನೆಗೆ ಪರೀಕ್ಷೆ. ಫೀಸಿನದು ದೊಡ್ಡ ಹೊಡೆತ ಅಲ್ಲ. ಹೊಡೆತ ಬಿದ್ದದ್ದು ಬೆಳಗಿನ ಓಪಿಡಿ ಬಿಟ್ಟಿದ್ದಕ್ಕೆ. ತರಬೇತಿ ಸೆಂಟರ್ ಹುಬ್ಬಳ್ಳಿಯಲ್ಲಿ. ಗದಗಿನವರೆಗೆ ಬಸ್ಸು, ಅಲ್ಲಿಂದ ರೈಲು, ವಾಪಸ್ ಬರುವಾಗ ಅಣ್ಣಿಗೇರಿ ದಾಟುವಷ್ಟರಲ್ಲಿ ನಿದ್ದೆ. ತಿಂಗಳಿಗೆ ಐವತ್ತು-ಅರವತ್ತು ಸಾವಿರ ಆದಾಯ ಖೋತಾ ಆಗಿರಬೇಕು, ನೆನಪಿನ ಲೆಕ್ಕ ಇದು.

ಮೊದಮೊದಲು ಏನೂ ತಲೆಗೆ ಹತ್ತಲಿಲ್ಲ. ಜೊತೆಗಿದ್ದ ಹುಡುಗರು ಹತ್ತು ನಿಮಿಷದಲ್ಲಿ ಇಡೀ ಹೊಟ್ಟೆ ನೋಡಿ ಮುಗಿಸುತ್ತಿದ್ದರು. ನನಗೆ ಎಡ ಕಿಡ್ನಿ ಹುಡುಕುವುದಕ್ಕೇ ಅರ್ಧ ಗಂಟೆ ಬೇಕು. ಒಂದು ಕಡೆ ಪಕ್ಕೆಲುಬಿನ ನೆರಳು, ಇನ್ನೊಂದು ಕಡೆ ಗ್ಯಾಸು. ರೊಕ್ಕ ಕೊಟ್ಟು ಬೆಂಗಳೂರಿನಲ್ಲಿ ಎರಡು ದಿನದ ವರ್ಕ್‌ಶಾಪಿಗೂ ಹೋಗಿ ಬಂದೆ. ಒಂದು ಮೆಷಿನ್ನಿಗೆ ಹದಿನೈದು ಜನ, ಮೈಮೇಲೆ ಆಡಿಸುವ ಪ್ರೋಬ್ ಕೈಗೆ ಸಿಕ್ಕಿದ್ದು ಐದು ನಿಮಿಷ. ಊಟ ಚೆನ್ನಾಗಿತ್ತು.

ಆಮೇಲೆ ನನ್ನದೇ ದಾರಿ ಹಿಡಿದೆ. ವಾರಕ್ಕೆ ಒಂದೇ ಅಂಗ. ಒಂದು ವಾರ ಬರೀ ಬಲ ಕಿಡ್ನಿ: ಉದ್ದ ಅಳೆ, ಕಾರ್ಟೆಕ್ಸ್ ಅಂದರೆ ಅದರ ಹೊರಪದರವನ್ನು ಲಿವರ್ ಜೊತೆ ಹೋಲಿಸು, ಲಿವರ್-ಕಿಡ್ನಿ ನಡುವಿನ ಸಂದಿಯಲ್ಲಿ (ಮಾರಿಸನ್ ಪೌಚ್) ನೀರಿದೆಯಾ ನೋಡು, ಮುಗೀತು. ಮುಂದಿನ ವಾರ ಗಾಲ್‌ಬ್ಲಾಡರು (ಪಿತ್ತಕೋಶ), ಅದರ ಜೊತೆ ಸಿಬಿಡಿ, ಅಂದರೆ ಪಿತ್ತನಾಳ. "ಸರ್, ಹಿಂಗಾದ್ರ ಲಾಗ್‌ಬುಕ್ ಯಾವಾಗ ತುಂಬತೈತ್ರಿ?" ಅಂತ ಹುಡುಗರು ಕೇಳುತ್ತಿದ್ದರು. ಇನ್ನೊಂದು ಕೆಲಸ ಮಾಡಿದೆ. ಸೀನಿಯರ್ ಬಾಯಿ ಬಿಡುವ ಮೊದಲೇ ನನಗೆ ಕಂಡದ್ದನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಸಿಟಿ ಸ್ಕ್ಯಾನಿಗೋ ಆಪರೇಷನ್ನಿಗೋ ಹೋದ ಕೇಸುಗಳ ಬೆನ್ನು ಹತ್ತಿ ಚೀಟಿ ಜೊತೆ ತಾಳೆ ನೋಡುವುದು. ಸಣ್ಣ ಕರುಳಿನ ಮೊದಲ ಭಾಗವಾದ ಡ್ಯೂಯೋಡಿನಮ್ಮಿನ ಗ್ಯಾಸು ಗಾಲ್‌ಬ್ಲಾಡರಿನ ಪಕ್ಕ ಕಲ್ಲಿನ ವೇಷ ಹಾಕಿಕೊಂಡು ಕೂರುತ್ತದಲ್ವಾ, ಅದನ್ನು ಹಿಡಿಯೋದು ಈ ಚೀಟಿಗಳೇ ಕಲಿಸಿದ್ದು. ಗ್ಯಾಸಿನ ನೆರಳು ಮಂಕು, ಕಲ್ಲಿನದು ಚೊಕ್ಕ ಕಪ್ಪು, ಮಗ್ಗುಲು ತಿರುಗಿಸಿದರೆ ಕಲ್ಲು ಉರುಳುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಹತ್ತರಲ್ಲಿ ಎಂಟು ಚೀಟಿ ತಾಳೆಯಾಗತೊಡಗಿದವು. ಹುಡುಗರು ಸುಮ್ಮನಾದರು.

ಈ ನಡುವೆ ಅಭ್ಯಾಸಕ್ಕೆ ಒಂದು ನಕಲಿ ಹೊಟ್ಟೆ ಮಾಡುವ ಹುಚ್ಚು ಪ್ರಯೋಗ ಮನೆಯಲ್ಲಿ. ಜೆಲಾಟಿನ್ ಕುದಿಸಿ, ಒಂದಿಷ್ಟು ಇಸಬ್ಗೋಲ್ ಕಲಸಿ, ಟಿಫಿನ್ ಡಬ್ಬಿಯಲ್ಲಿ ಗಟ್ಟಿ ಮಾಡಿ, ಸೆಂಟರಿನ ಮೆಷಿನ್ನಿನಲ್ಲಿ ಕೇಳಿಕೊಂಡು ನೋಡೋಣ ಅಂತ ಹೊರಟೆ. ಏಪ್ರಿಲ್ ಬಿಸಿಲಿಗೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅದು ಸಾರಾಗಿತ್ತು. ಮುಂದಿನ ಸಲ ಜೆಲಾಟಿನ್ ಬದಲು ಚೈನಾ ಗ್ರಾಸ್ (ಅಗರ್) ಹಾಕಿದೆ, ಅದು ನಮ್ಮ ಬಿಸಿಲಿಗೆ ಕರಗುವ ಪೈಕಿ ಅಲ್ಲ. ಗ್ಲೌಸಿನ ಬೆರಳಿಗೆ ನೀರು ತುಂಬಿ, ತುಂಗಭದ್ರೆಯ ಸಣ್ಣ ಹರಳೊಂದು ಒಳಗೆ ಬಿಟ್ಟು, ಗುಳ್ಳೆ ಇಲ್ಲದಂತೆ ಗಂಟು ಹಾಕಿ ಮುಳುಗಿಸಿದೆ. ಕಲ್ಲಿರುವ ಗಾಲ್‌ಬ್ಲಾಡರ್ ತಯಾರು! ಖರ್ಚು ನೂರೈವತ್ತು ರೂಪಾಯಿ ಇರಬಹುದು. ಟಿಜಿಸಿ (ಆಳಕ್ಕೆ ತಕ್ಕಂತೆ ಚಿತ್ರದ ಬೆಳಕು ಹೊಂದಿಸುವ ಗುಂಡಿಗಳು), ಫೋಕಸ್ ಆಡಿಸೋದು ಇದರ ಮೇಲೆಯೇ ಕೈಗೆ ಕೂತಿತು. ಡಬ್ಬಿ ಮಾತ್ರ ಮತ್ತೆ ಅಡುಗೆಮನೆಗೆ ಬರಬಾರದು ಅಂತ ನನ್ನಾಕಿ ತಾಕೀತು ಮಾಡಿದಳು.

ಮೆಷಿನ್ ವಿಷಯಕ್ಕೆ ಬರೋಣ. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಮೊದಲು, ಅದಕ್ಕೇ 25,000 ಫೀಸು. ಹೊಸದಕ್ಕೆ ನನ್ನ ಕೈಯಲ್ಲಿ ಆಗಲಿಲ್ಲ, ರಕ್ತದ ಹರಿವು ತೋರಿಸುವ ಡಾಪ್ಲರ್ ಇರುವ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಒಬ್ಬ ಡೀಲರ್ ಐದು ಲಕ್ಷಕ್ಕೆ "ಹೊಸದರಂಗ ಐತ್ರಿ ಸರ್" ಅಂದ. ಜೆಮ್ ಕ್ಲಿಪ್ ಬಿಚ್ಚಿ ನೆಟ್ಟಗೆ ಮಾಡಿ, ಜೆಲ್ ಹಚ್ಚದ ಕಾನ್ವೆಕ್ಸ್ ಪ್ರೋಬಿನ ಬಾಗಿದ ಮುಖದ ಮೇಲೆ ಅಡ್ಡ ಇಟ್ಟು, ಈ ತುದಿಯಿಂದ ಆ ತುದಿಗೆ ನಿಧಾನ ಸರಿಸಿದೆ. ಪರದೆಯ ಮೇಲಿನ ಬಿಳಿ ಗೆರೆ ಕ್ಲಿಪ್ ಜೊತೆಗೇ ಬರಬೇಕು. ನಡುವೆ ಎರಡು ಕಡೆ ಮಾಯವಾಯಿತು. ಅಲ್ಲಿನ, ಧ್ವನಿ ಅಲೆ ಹೊಮ್ಮಿಸುವ ಕ್ರಿಸ್ಟಲ್ ಸತ್ತಿವೆ ಅಂತ ಅರ್ಥ. ಬೇರೆ ಪ್ರೋಬ್ ತಂದುಕೊಟ್ಟ ಮೇಲೂ ಅರವತ್ತು ಸಾವಿರ ಇಳಿಸಿಯೇ ತೆಗೆದುಕೊಂಡೆ.

ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ನೋಡೋದಕ್ಕೆ ಪೇಷಂಟಿಗೆ ಎರಡು ಲೋಟ ನೀರು ಕುಡಿಸಿ ಕೂರಿಸೋದು ಸ್ಕ್ಯಾನ್ ಮಾಡುವ ಎಲ್ಲರಿಗೂ ಗೊತ್ತು. ಅದರ ಬಾಲ ಹಿಡಿಯೋದಕ್ಕೆ ನನ್ನದೇ ಒಂದು ಪಟ್ಟು ಇದೆ. ಅದನ್ನು ಇಲ್ಲಿ ಬರೆಯಲ್ಲ, ಮುಂಡರಗಿಗೆ ಬಂದರೆ ತೋರಿಸ್ತೀನಿ.

ಈಗ ದಿನಕ್ಕೆ ಎಂಟು-ಹತ್ತು ಸ್ಕ್ಯಾನ್ ಆಗುತ್ತವೆ. ನಮ್ಮ ಕಡೆ ಕಿಡ್ನಿ ಕಲ್ಲಿಗೇನು ಬರಗಾಲ ಇಲ್ಲ. ಬಸುರಿಯರ ಸ್ಕ್ಯಾನಿದ್ದರೆ ಅದೇ ಕಾಯ್ದೆಯ ಪ್ರಕಾರ ಒಬ್ಬೊಬ್ಬರಿಗೂ ಫಾರ್ಮ್ ಎಫ್ ತುಂಬಬೇಕು, ತಿಂಗಳ 5ನೇ ತಾರೀಖಿನೊಳಗೆ ವರದಿ. ಇದಕ್ಕೇ ಒಬ್ಬ ಹುಡುಗಿಯನ್ನು ಇಟ್ಟಿದ್ದೇನೆ. ನೀವೂ ಮೆಷಿನ್ನಿಗೆ ಸಾಲ ಮಾಡುವವರಿದ್ದರೆ ಆ ಪಗಾರವನ್ನೂ ಹಿಡಿದೇ ಕಂತಿನ ಲೆಕ್ಕ ಹಾಕಿ.