ಸಿಪ್ಯಾಪ್ ಪೈಪು ಎಷ್ಟು ಉದ್ದ ಬೇಕು? ಮೊದಲು ವೈರು ಉದ್ದ ಮಾಡಿ ನೋಡಿ

ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೆ ಪೈಪು, ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮಷೀನ್ ಮನೆಗೆ ಬಂದು ಒಂದು ವಾರ ಆಗುವಷ್ಟರಲ್ಲಿ ಈ ಯೋಚನೆ ಬಂದೇ ಬರುತ್ತದೆ: ಪೈಪು ಇನ್ನೊಂದಿಷ್ಟು ಉದ್ದ ಇದ್ದಿದ್ದರೆ ಆರಾಮಾಗಿ ಹೊರಳಾಡಬಹುದಿತ್ತಲ್ಲ ಅಂತ. ನನಗೂ ಬಂತು. ನಮ್ಮ ರೂಮಿನಲ್ಲಿ ಪ್ಲಗ್ ಪಾಯಿಂಟ್ ಇರುವುದು ಮಂಚದ ಕಾಲಿನ ಕಡೆ. ಮಷೀನನ್ನು ಅಲ್ಲೇ ಎತ್ತರದ ಮೇಜಿನ ಮೇಲಿಟ್ಟು 10 ಅಡಿ ಪೈಪು ತರಿಸಿಕೊಂಡೆ. ಡಿಸೆಂಬರ್ ತಿಂಗಳು, ಬೆಂಗಳೂರಿನ ಚಳಿ. ಮೂರನೇ ರಾತ್ರಿ ಕಿವಿ ಹತ್ತಿರ ಗುಳುಗುಳು ಸದ್ದು, ಏನಪ್ಪಾ ಅಂತ ಮಗ್ಗಲು ಬದಲಿಸಿದೆ, ತಣ್ಣನೆ ನೀರು ಸೀದಾ ಮೂಗಿಗೆ. ಹೆಂಡತಿಗೆ ನಗು, ನನಗೆ ಸೀನು.

ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ಮಷೀನನ್ನೇ ದಿಂಬಿನ ಹತ್ತಿರಕ್ಕೆ ತಂದಿದ್ದರೆ ಮುಗಿದುಹೋಗುತ್ತಿತ್ತು. ಈ ಮಷೀನ್‌ಗಳ ಅಡಾಪ್ಟರ್ ಸಾಮಾನ್ಯವಾಗಿ 65 ಅಥವಾ 90 ವ್ಯಾಟ್‌ನದು, ಮನೆಯಲ್ಲಿ ಬಳಸುವ ಒಳ್ಳೆ ಬಾಕ್ಸ್ ಧಾರಾಳ ಸಾಕು. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ನ ನೀರಿನ ಡಬ್ಬಿ ಬಾಕ್ಸ್ ಮೇಲೆ ಚೆಲ್ಲದ ಹಾಗೆ ಇಡಿ, ಅಷ್ಟೇ. ವೈರು ಉದ್ದವಾದರೆ ಗಾಳಿಗೆ ಏನೂ ಆಗುವುದಿಲ್ಲ, ಪೈಪು ಉದ್ದವಾದರೆ ಆಗುತ್ತದೆ.

ಏನಾಗುತ್ತದೆ ಅಂದರೆ, ಹ್ಯುಮಿಡಿಫೈಯರ್‌ನಿಂದ ಹೊರಡುವ ಗಾಳಿ ಬೆಚ್ಚಗೆ, ತೇವ ತುಂಬಿಕೊಂಡು ಹೊರಡುತ್ತದೆ. ಪೈಪಿನ ಗೋಡೆಯಾಚೆ ರೂಮಿನ ತಣ್ಣನೆ ಗಾಳಿ. ಅಡುಗೆ ಮನೆಯಲ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುತ್ತದಲ್ಲ, ಅದೇ ಕಥೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಿನ ಆವಿ ಹಿಡಿಯಬಲ್ಲದು, 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ನಿಮಿಷಕ್ಕೆ 30 ಲೀಟರ್ ಅಂತ ಲೆಕ್ಕ ಹಾಕಿದರೂ 8 ಗಂಟೆಯಲ್ಲಿ 14 ಘನ ಮೀಟರ್ ಗಾಳಿ ಪೈಪಿನಲ್ಲಿ ಹಾದುಹೋಗುತ್ತದೆ. ಅದು ಪೂರ್ತಿ ತಣ್ಣಗಾಗುವುದಿಲ್ಲ, ಪೂರ್ತಿ ತೇವವೂ ಇರುವುದಿಲ್ಲ ಅನ್ನಿ. ಆದರೂ ಅದರಲ್ಲಿ ಒಂದು ಪಾಲು ನೀರಾದರೆ ಸಾಕು, ನಿದ್ದೆ ಕೆಡಿಸುವುದಕ್ಕೆ ಒಂದೆರಡು ಚಮಚ ನೀರು ಜಾಸ್ತಿಯೇ. ಪೈಪು ಉದ್ದವಾದಷ್ಟೂ ಗಾಳಿ ತಣ್ಣಗಾಗುವ ದಾರಿ ಉದ್ದ. ಇದರಲ್ಲಿ ಇನ್ನೊಂದು ನಷ್ಟವೂ ಇದೆ: ಪೈಪಿನಲ್ಲಿ ಹನಿಯಾಗಿ ನಿಂತ ತೇವ ನಿಮ್ಮ ಮೂಗಿಗೆ ಸಿಗುವುದಿಲ್ಲ. ಪೈಪು ಒದ್ದೆ, ಗಂಟಲು ಒಣ. ಆಗ ಜನ ಹ್ಯುಮಿಡಿಟಿ ಇನ್ನೂ ಏರಿಸುತ್ತಾರೆ, ನೀರು ಇನ್ನೂ ಜಾಸ್ತಿ ಆಗುತ್ತದೆ.

ಹಾಗಂತ ಗಿಡ್ಡ ಪೈಪೇ ಒಳ್ಳೆಯದು ಅಂದುಕೊಳ್ಳಬೇಡಿ. 4 ಅಡಿಯದು ಸಿಗುತ್ತದೆ, ಪ್ರಯಾಣಕ್ಕೆ ಚೆನ್ನ. ಆದರೆ ರಾತ್ರಿ ಮಗ್ಗಲು ಬದಲಿಸುವವರಿಗೆ ಅದು ಮಾಸ್ಕನ್ನು ಎಳೆಯುತ್ತದೆ. ಮಾಸ್ಕ್ ಒಂದು ಕಡೆ ಸ್ವಲ್ಪ ಎದ್ದರೆ ಗಾಳಿ ಸೋರುತ್ತದೆ, ಸೋರಿದ್ದನ್ನು ತುಂಬಿಸಲು ಮಷೀನ್ ಇನ್ನೂ ಜಾಸ್ತಿ ಗಾಳಿ ದೂಡುತ್ತದೆ, ಅಷ್ಟು ಗಾಳಿಗೆ ತೇವ ಒದಗಿಸಲು ಹ್ಯುಮಿಡಿಫೈಯರ್‌ಗೆ ಆಗುವುದಿಲ್ಲ. ಬೆಳಗ್ಗೆ ಎದ್ದಾಗ ಕಣ್ಣು ಉರಿ, ಬಾಯಿ ಒಣ, ಡಬ್ಬಿ ಖಾಲಿ. ಹೀಗಾದಾಗ ತಪ್ಪು ಹ್ಯುಮಿಡಿಫೈಯರ್‌ನದು ಅಂತ ಬೈಯುವ ಮೊದಲು ಪೈಪು ಎಳೆಯುತ್ತಿದೆಯಾ ನೋಡಿ.

ಅಳತೆ ತೆಗೆಯುವುದು ಸುಲಭ. ಮಷೀನ್ ಇಡುವ ಜಾಗ ಮೊದಲು ಗಟ್ಟಿ ಮಾಡಿಕೊಳ್ಳಿ: ತಲೆಯ ಪಕ್ಕ, ಆದರೆ ಹಾಸಿಗೆಗಿಂತ ತಗ್ಗಿನಲ್ಲಿ. ಗಿಡ್ಡ ಸ್ಟೂಲ್ ಸಾಕು. ತಗ್ಗು ಯಾಕೆ ಅಂದರೆ, ನೀರು ಕಟ್ಟಿದರೂ ಅದು ಮೂಗಿನ ಕಡೆ ಬಾರದೆ ಮಷೀನ್ ಕಡೆ ಇಳಿಯಲಿ ಅಂತ. (ನನ್ನ ಎತ್ತರದ ಮೇಜಿನ ತಪ್ಪು ಈಗ ಅರ್ಥವಾಯಿತಲ್ವಾ?) ಈಗ ಮಾಸ್ಕ್ ಹಾಕಿ ಮಲಗಿ, ಮಾಸ್ಕಿನಿಂದ ಮಷೀನ್‌ವರೆಗೆ ಒಂದು ದಾರ ಹಿಡಿಯಲು ಮನೆಯವರಿಗೆ ಹೇಳಿ. ಅಂಗಾತ, ಎಡಮಗ್ಗಲು, ಬಲಮಗ್ಗಲು, ಕೊನೆಗೆ ಎದ್ದು ಕೂತು ನೋಡಿ. ಎಲ್ಲಕ್ಕಿಂತ ಉದ್ದ ಬಂದಿದ್ದಕ್ಕೆ ಇನ್ನೊಂದು ಅರ್ಧ ಅಡಿ ಸೇರಿಸಿ. ಮಷೀನ್ ತಲೆ ಹತ್ತಿರ ಇದ್ದರೆ ಬಹುತೇಕ ಮನೆಗಳಲ್ಲಿ ಇದು ಮಾಮೂಲಿ 6 ಅಡಿಯೊಳಗೇ ಮುಗಿಯುತ್ತದೆ. ಮೀರಿದರೆ 8 ಅಡಿ ನೋಡಿ. 10 ಅಡಿ ಕೊನೆಯ ದಾರಿ.

ಪ್ರೆಷರ್ ವಿಷಯ. ಉದ್ದದ ಪೈಪಿನಲ್ಲಿ ಒತ್ತಡ ಸ್ವಲ್ಪ ಬೀಳುತ್ತದೆ, ನಿಜ. ಆದರೆ ಉದ್ದಕ್ಕಿಂತ ಪೈಪಿನ ಒಳಅಗಲ ಜಾಸ್ತಿ ಆಟ ಆಡಿಸುತ್ತದೆ. ಗಾಳಿಯ ಹರಿವು ಅಷ್ಟೇ ಇದ್ದು 6 ಅಡಿಯಿಂದ 10 ಅಡಿಗೆ ಹೋದರೆ ಒತ್ತಡದ ನಷ್ಟ ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆಯೇ, ಅದೇ 22 ಮಿಲಿಮೀಟರ್ ಪೈಪು ತೆಗೆದು 15 ಮಿಲಿಮೀಟರ್‌ನ ಸಣ್ಣ ಪೈಪು ಹಾಕಿದರೆ 4 ಪಟ್ಟಿಗೂ ಜಾಸ್ತಿ. ಎಷ್ಟೋ ಮಷೀನ್‌ಗಳ ಮೆನುವಿನಲ್ಲಿ ಯಾವ ಪೈಪು ಹಾಕಿದ್ದೀರಿ ಅಂತ ಹೇಳುವ ಜಾಗ ಇರುತ್ತದೆ, ಅದನ್ನು ಸರಿಯಾಗಿ ಇಟ್ಟರೆ ಮಷೀನೇ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಎರಡು ಪೈಪುಗಳನ್ನು ಕನೆಕ್ಟರ್ ಹಾಕಿ ಜೋಡಿಸುವವರೂ ಇದ್ದಾರೆ. ಮಷೀನ್‌ಗೆ ಆ ಉದ್ದ ಗೊತ್ತಿರುವುದಿಲ್ಲ, ಜೋಡಿಸಿದ ಕಡೆ ಸೋರಲೂಬಹುದು, ಹಾಗಾಗಿ ಡಾಕ್ಟರನ್ನು ಕೇಳದೆ ಮಾಡಬೇಡಿ. ಡಾಕ್ಟರ್ ಬರೆದುಕೊಟ್ಟ ಪ್ರೆಷರನ್ನು ಪೈಪಿನ ನೆಪದಲ್ಲಿ ನೀವೇ ತಿರುಗಿಸುವುದಂತೂ ಬೇಡವೇ ಬೇಡ.

ಉದ್ದದ ಪೈಪಿನಲ್ಲಿ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೇವಾ ಅನ್ನುವ ಭಯ ನಮ್ಮ ಅಣ್ಣನಿಗಿತ್ತು. ಮಷೀನ್ ಓಡುತ್ತಿರುವಾಗ ಆ ಚಿಂತೆ ಬೇಡ. ಬಿಟ್ಟ ಉಸಿರು ಹೋಗುವುದು ಮಾಸ್ಕಿನಲ್ಲಿರುವ ಸಣ್ಣ ತೂತುಗಳಿಂದ, ಹಿಂದಿನಿಂದ ಹೊಸ ಗಾಳಿ ದೂಡುತ್ತಲೇ ಇರುತ್ತದೆ. 10 ಅಡಿ ಪೈಪಿನಲ್ಲಿ ಹಿಡಿಯುವ ಗಾಳಿಯೇ ಒಂದು ಲೀಟರ್‌ಗಿಂತ ತುಸು ಜಾಸ್ತಿ, ಎರಡು ಮೂರು ಸೆಕೆಂಡಿಗೆ ಅದು ಬದಲಾಗಿರುತ್ತದೆ. ಆ ತೂತುಗಳನ್ನು ಮುಚ್ಚದಿದ್ದರೆ ಆಯಿತು.

ಈಗಾಗಲೇ ಉದ್ದದ್ದು ಕೊಂಡಾಗಿದೆ, ನೀರು ಕಟ್ಟುತ್ತಿದೆ ಅನ್ನುವವರಿಗೆ: ಮೊದಲು ಹನಿ ಎಲ್ಲಿದೆ ನೋಡಿ. ಮಾಸ್ಕ್ ಕಡೆಯ ತುದಿಯಲ್ಲಿದ್ದರೆ ಗಾಳಿ ತಣ್ಣಗಾಗುತ್ತಿದೆ. ಮಷೀನ್ ಕಡೆಯೇ ಜಾಸ್ತಿ ಇದ್ದರೆ ತಗ್ಗಿಗೆ ಇಳಿದು ಬಂದ ನೀರೇ ಇರಬಹುದು, ಡಬ್ಬಿ ಗೆರೆ ಮೀರಿ ತುಂಬಿರಬಹುದು, ಇಲ್ಲವೇ ಮಷೀನ್ ಓರೆಯಾಗಿರಬಹುದು. ತಣ್ಣಗಾಗುವುದಕ್ಕೆ ಅತಿ ಅಗ್ಗದ ಮದ್ದು ಬಟ್ಟೆ. ಹಳೆ ಕಾಟನ್ ಸೀರೆಯ ಪಟ್ಟಿಯನ್ನೋ ಹಳೆ ಸ್ವೆಟರ್ ತೋಳನ್ನೋ ಪೈಪಿಗೆ ಹೊಲಿಸಿ ಹಾಕಿ, ಮಾಸ್ಕಿನ ತೂತುಗಳಿಂದ ದೂರವಿರಲಿ. ಪೈಪಿನ ಒಂದಷ್ಟು ಭಾಗ ರಗ್ಗಿನ ಒಳಗೇ ಬರಲಿ. ಫ್ಯಾನ್ ಗಾಳಿ ನೇರ ಪೈಪಿನ ಮೇಲೆ ಬೀಳದಿರಲಿ. ಇಷ್ಟಾದ ಮೇಲೂ ನೀರು ಬಂದರೆ ಹ್ಯುಮಿಡಿಟಿಯನ್ನು ಒಂದೇ ಒಂದು ಮೆಟ್ಟಿಲು ಇಳಿಸಿ ಎರಡು ರಾತ್ರಿ ನೋಡಿ. ಒಂದೇ ದಿನ ಎಲ್ಲ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಬಿಸಿ ಮಾಡುವ ತಂತಿ ಇರುವ ಹೀಟೆಡ್ ಟ್ಯೂಬ್ ಇದಕ್ಕೆಲ್ಲ ಒಳ್ಳೆ ಉತ್ತರ, ಆದರೆ ನಿಮ್ಮ ಮಷೀನ್‌ಗೆ ಹೊಂದುವುದನ್ನೇ ಕೊಳ್ಳಬೇಕು, ಅವು ಸಾಮಾನ್ಯವಾಗಿ 6 ಅಡಿ ಆಸುಪಾಸಿನವು. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂದೆವು.

ಪೈಪನ್ನು ತಲೆ ಮೇಲಿನ ಕೊಕ್ಕೆಗೆ ನೇತುಹಾಕಿದರೆ ಹೊರಳಾಡಲು ಸಲೀಸು. ಆದರೆ ಕೊಕ್ಕೆಯಿಂದ ಈಚೆಗೆ ಕಟ್ಟಿದ ಹನಿ ಮುಖದ ಕಡೆಯೇ ಇಳಿಯುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಕೊಕ್ಕೆ, ಚಳಿಗಾಲದಲ್ಲಿ ರಗ್ಗು. ಮಂಗಳೂರಿನ ಮೇ ತಿಂಗಳಲ್ಲಿ ಏಸಿ ಇಲ್ಲದೆ ಮಲಗುವವರಿಗೆ ಈ ರಗಳೆಯೇ ಅಷ್ಟಾಗಿ ಇರುವುದಿಲ್ಲ, ರೂಮೇ ಬೆಚ್ಚಗಿರುತ್ತದಲ್ಲ. ಅದೇ ರೂಮಿನಲ್ಲಿ ಏಸಿ 20ಕ್ಕೆ ಇಟ್ಟರೆ ಪೈಪಿನ ಮಟ್ಟಿಗೆ ಅದು ಬೆಂಗಳೂರಿನ ಡಿಸೆಂಬರ್.

ಮಧ್ಯರಾತ್ರಿ ಗುಳುಗುಳು ಶುರುವಾದರೆ ಮಷೀನ್ ಆಫ್ ಮಾಡಿ, ಪೈಪನ್ನು ಎರಡೂ ಕಡೆ ಬಿಚ್ಚಿ, ನೀರನ್ನು ಹೊರಗೆ ಬಗ್ಗಿಸಿ. ಸುಮ್ನೆ ಪೈಪು ಎತ್ತಿ ಮಷೀನ್ ಒಳಕ್ಕೆ ಸುರಿಯಬೇಡಿ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದ ಮೇಲೆ ಪೈಪನ್ನು ಬಿಸಿಲಿಗಲ್ಲ, ನೆರಳಲ್ಲಿ, ಮಧ್ಯಕ್ಕೆ ಹ್ಯಾಂಗರ್ ಕೊಟ್ಟು ಎರಡೂ ತುದಿ ಕೆಳಗೆ ಬರುವ ಹಾಗೆ ನೇತುಹಾಕಿ. ಉದ್ದದ ಪೈಪು ಒಣಗಲು ಜಾಸ್ತಿ ಹೊತ್ತು ಬೇಕು, ರಾತ್ರಿ ತೊಳೆದರೆ ಮಲಗುವ ಹೊತ್ತಿಗೆ ಒಣಗಿರುವುದಿಲ್ಲ, ಬೆಳಗ್ಗೆಯೇ ತೊಳೆದುಬಿಡಿ.