ಚಾಪೆಗೂ ಸೇರಿಸಿ ಹೊಲಿದ ಕೌದಿ

ನಮ್ಮ ಮನೆಯಲ್ಲಿ ಮೂರು ರಜಾಯಿ ಇವೆ, ಒಂದು ಕಂಬಳಿಯೂ ಇದೆ. ಆದರೂ ಚಳಿ ಬಿತ್ತು ಅಂದರೆ ಮಗಳು, ಅವಳಪ್ಪ, ನಾನು ಮೂವರೂ ಜಗಳಾಡುವುದು ಒಂದೇ ಕೌದಿಗೆ, ಅಂದರೆ ಹಳೆ ಬಟ್ಟೆ ಪದರ ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆಗೆ. ಅಗಲ ಬರೀ 4 ಅಡಿ, ಇಬ್ಬರಿಗೆ ಸಾಲುವುದಿಲ್ಲ, ಅದಕ್ಕೇ ಜಗಳ. 2016ರ ದೀಪಾವಳಿಗೆ ಶುರು ಮಾಡಿ ಮುಂದಿನ ಯುಗಾದಿಗೆ ಮುಗಿಸಿದ್ದು. ನನ್ನ ಕೈಯ ಮೊದಲ ಕೌದಿ. ಸ್ವಲ್ಪ ಸೊಟ್ಟಗಿದೆ, ಒಂದು ಮೂಲೆ ಉಬ್ಬಿದೆ, ನಡುವೆ ಗುಲಾಬಿ ಬಣ್ಣದ ಕಲೆ ಇದೆ. ಆಮೇಲೆ ಇನ್ನೂ ನಾಲ್ಕು ಹೊಲಿದೆ. ಎಲ್ಲವೂ ಇದಕ್ಕಿಂತ ನೀಟಾಗಿವೆ, ಆದರೆ ಅವನ್ನು ಯಾರೂ ಕೇಳುವುದಿಲ್ಲ.

ನನ್ನ ತವರು ಗದಗ ಜಿಲ್ಲೆ, ರೋಣದ ಕಡೆ. ಅಲ್ಲಿ ಹಾಸೋದಕ್ಕೂ ಕೌದಿ, ಹೊದೆಯೋದಕ್ಕೂ ಕೌದಿ. ಮಾನೌಮಿಗೆ (ಮಹಾನವಮಿಗೆ) ಮುಂಚೆ ಮನೆಯ ಹಾಸಿಗೆಯನ್ನೆಲ್ಲ ಚಕ್ಕಡಿಗೆ ಹೇರಿ ಹಳ್ಳಕ್ಕೆ ಒಯ್ಯುತ್ತಿದ್ದರು. ನೀರು ಕುಡಿದ ಕೌದಿ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಹಿಂಡೋಕೆ ಇಬ್ಬರು ಬೇಕು, ಆ ತುದಿಗೊಬ್ಬರು ಈ ತುದಿಗೊಬ್ಬರು. ಇಷ್ಟೆಲ್ಲ ಕಂಡು ಬೆಳೆದವಳು ನಾನು, ಆದರೆ ಒಂದು ಸಲವೂ ಸೂಜಿ ಹಿಡಿದಿರಲಿಲ್ಲ. ಆಯಿ, ಅಂದರೆ ನಮ್ಮಜ್ಜಿ, ಹೊಲಿಯುವಾಗ ದಾರ ಪೋಣಿಸಿ ಕೊಡೋದಷ್ಟೇ ನನ್ನ ಕೆಲಸ.

ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದ ಮೇಲೆ ಇದ್ದಕ್ಕಿದ್ದಂತೆ ಕೌದಿ ಹುಚ್ಚು ಹಿಡಿಯಿತು. ಚಿಕ್ಕಪೇಟೆಗೆ ಹೋಗಿ ಚೆಂದ ಚೆಂದದ ಹೊಸ ಕಾಟನ್ ಬಟ್ಟೆ ತಂದೆ. ಸ್ಕೇಲ್ ಇಟ್ಟು ಚೌಕ ಚೌಕ ಕತ್ತರಿಸಿದೆ. ನಾಲ್ಕು ಪದರ ಜೋಡಿಸಿ ಸೂಜಿ ಚುಚ್ಚಿದರೆ ಇಳಿಯಲೇ ಇಲ್ಲ. ಎರಡು ಸೂಜಿ ಮುರಿದವು. ಒಂದು ಮೊಳ ಹೊಲಿಯೋ ಹೊತ್ತಿಗೆ ಬೆರಳಿನಲ್ಲಿ ರಕ್ತ. ಹಬ್ಬಕ್ಕೆ ಬಂದಿದ್ದ ಅವ್ವ ನೋಡಿ ನಕ್ಕಳು. "ತಂಗೀ, ಹೊಸಾ ಅರಬಿ ತಂದು ಯಾರರೆ ಕೌದಿ ಹೊಲಿತಾರೇನು? ಸೂಜಿ ಇಳೀಬೇಕಲ್ಲ."

ಹಳೆ ಬಟ್ಟೆಯಲ್ಲಿ ಕೌದಿ ಹೊಲಿಯೋದು ಬಡತನಕ್ಕೆ, ಉಳಿತಾಯಕ್ಕೆ ಅಂತಲೇ ನಾನು ತಿಳಿದಿದ್ದೆ. ಅದೂ ಇದೆ, ಇಲ್ಲ ಅನ್ನೋಲ್ಲ. ಆದರೆ ಕೈಯಲ್ಲಿ ಹೊಲಿಯುವವರಿಗೆ ಬೇರೆ ಕಾರಣವೂ ಇದೆ. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ನೇಯ್ಗೆ ಬಿಗಿ. ವರ್ಷಾನುಗಟ್ಟಲೆ ಒಗೆದ ಸೀರೆಯ ಎಳೆಗಳು ಸಡಿಲಾಗಿ, ಐದು ಪದರ ಇದ್ದರೂ ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಇನ್ನೊಂದು, ಹಳೆ ಬಟ್ಟೆ ಕುಗ್ಗೋದೆಲ್ಲ ಮೊದಲೇ ಕುಗ್ಗಿರುತ್ತದೆ. ಹೊಸದನ್ನೂ ಹಳೆಯದನ್ನೂ ಬೆರೆಸಿ ಹೊಲಿದರೆ ಮೊದಲ ಒಗೆತಕ್ಕೆ ಒಂದು ಪದರ ಕುಗ್ಗಿ, ಇನ್ನೊಂದು ಹಾಗೇ ಉಳಿದು, ಕೌದಿ ಹಪ್ಪಳದ ಹಾಗೆ ಸುಕ್ಕಾಗುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ಅವ್ವ ಟ್ರಂಕಿನಿಂದ ತನ್ನ 9 ಗಜದ ಇಳಕಲ್ ಸೀರೆ ತೆಗೆದುಕೊಟ್ಟಳು, ಅಪ್ಪನ ಒಂದು ಧೋತರ, ತನ್ನ ಗುಳೇದಗುಡ್ಡ ಖಣದ ಕುಪ್ಪಸ, ಜೊತೆಗೆ ನನ್ನ ಹೈಸ್ಕೂಲಿನ ನೀಲಿ ಯೂನಿಫಾರ್ಮ್. ಅದನ್ನು ಇಷ್ಟು ವರ್ಷ ಯಾಕೆ ಇಟ್ಟಿದ್ದಳೋ! ಕೇಳಿದರೆ "ಕೌದಿಗೆ ಬರ್ತೈತಿ ಅಂತ" ಅಂದಳು.

ಲೆಕ್ಕ ಹೀಗೆ ಹಾಕಿದೆ. 9 ಗಜ ಅಂದರೆ 27 ಅಡಿ. 7 ಅಡಿಯ ಮೂರು ತುಂಡು ಕತ್ತರಿಸಿದರೆ ಮೂರು ಪದರ ಆಯಿತು, 6 ಅಡಿ ಉಳಿಯಿತು. ಸೆರಗು ಆ ಉಳಿದದ್ದರಲ್ಲಿ ಬಂತು. ಸೀರೆಯ ಅಗಲ ಹತ್ತಿರ ಹತ್ತಿರ 4 ಅಡಿ, ಅದೇ ಕೌದಿಯ ಅಗಲ. ನಾಲ್ಕನೇ ಪದರ ಧೋತರ. ಮೇಲೆ ತುಂಡುಗಳು: ಖಣ, ಯೂನಿಫಾರ್ಮ್, ಉಳಿದ ಸೀರೆ. ನಟ್ಟ ನಡುವೆ ಇಡೀ ಸೆರಗು, ಯಾಕಂದರೆ ಅದನ್ನು ಕತ್ತರಿಸೋಕೆ ಮನಸ್ಸಾಗಲಿಲ್ಲ. ಇಳಕಲ್ ಸೀರೆಯ ಮೈಯ ಹಾಸಿಗೂ (ಮಗ್ಗದ ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಬೇರೆ ಬೇರೆ ನೂಲು. ಮಗ್ಗದ ಮೇಲೆ ಅವೆರಡನ್ನೂ ಎಳೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಅಷ್ಟು ಕಷ್ಟಪಟ್ಟು ನೇಯ್ದ, ಟೋಪಿ ತೆನಿ ಅನ್ನೋ ವಿನ್ಯಾಸದ ಸೆರಗಿಗೆ ಕತ್ತರಿ ಹಾಕೋದು ಹೇಗೆ ಹೇಳಿ?

ಹೊಲಿಯೋದು ನಿಜಕ್ಕೂ ಸರಳ. ಸೂಜಿ ಮೇಲೆ ಕೆಳಗೆ, ಮೇಲೆ ಕೆಳಗೆ, ಅಷ್ಟೇ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬರಬೇಕು, ಸುತ್ತಿಗೂ ಸುತ್ತಿಗೂ ಒಂದು ಬೆರಳು ಅಂತರ. ಉದ್ದುದ್ದ ಸಾಲು ಹೊಡೆಯುವವರೂ ಇದ್ದಾರೆ, ಆದರೆ ನಮ್ಮ ಆಯಿಯದು ಸುತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇರುವ ಸಿದ್ದಿ ಸಮುದಾಯದ ಹೆಂಗಸರೂ ಹೀಗೇ ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ. ಅವರು ಅದನ್ನು ಕವಂದಿ ಅಂತಾರೆ, ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ನಾನೂ ಒಂದು ಮೂಲೆಗೆ ಇಡೋಕೆ ಹೋದೆ. ಹೂವು ಅನ್ನೋದಕ್ಕಿಂತ ಸಮೋಸ ಅನ್ನಬಹುದು.

ನನ್ನ ಮೊದಲ ಸುತ್ತು 22 ಅಡಿ. ಒಂದು ಗಂಟೆ ಕೂತರೆ ನಾಲ್ಕು ಅಡಿ ಸಾಗುತ್ತಿತ್ತು. ಒಟ್ಟು 30 ಸುತ್ತು, ಅಂದರೆ 400 ಅಡಿಗೂ ಜಾಸ್ತಿ ಹೊಲಿಗೆ. ಇದನ್ನು ಮೊದಲೇ ಲೆಕ್ಕ ಹಾಕಿದ್ದರೆ ಶುರುವೇ ಮಾಡುತ್ತಿರಲಿಲ್ಲವೇನೋ. ಸಮಾಧಾನ ಏನಂದರೆ ಒಳಗೆ ಹೋದ ಹಾಗೆ ಸುತ್ತು ಚಿಕ್ಕದಾಗುತ್ತದೆ, ಕೊನೆ ಕೊನೆಗೆ ಒಂದೇ ರಾತ್ರಿಗೆ ಒಂದು ಸುತ್ತು ಮುಗಿಯುತ್ತಿತ್ತು.

ತಪ್ಪುಗಳು ತುಂಬಾ ಆದವು. ಊರಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ಹರಡಿದರೆ ಬಟ್ಟೆ ಕದಲುವುದಿಲ್ಲ. ಇಲ್ಲಿ ಟೈಲ್ಸ್ ಮೇಲೆ ಜಾರುತ್ತದೆ ಅಂತ ಚಾಪೆ ಹಾಸಿಕೊಂಡು, ಟಿವಿ ನೋಡುತ್ತಾ ಎರಡು ಗಂಟೆ ಹೊಲಿದು, ಭಾರೀ ಖುಷಿಯಿಂದ ಎತ್ತಿದರೆ ಚಾಪೆಯೂ ಜೊತೆಗೇ ಎದ್ದು ಬಂತು. ಮನೆಯವರು ಆ ಮಾತನ್ನು ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾರೆ. ಎಲ್ಲ ಬಿಚ್ಚಿ ಮತ್ತೆ ಹೊಲಿದೆ. ಆಮೇಲೆ ಊಟದ ತಟ್ಟೆಯನ್ನು ಬೋರಲು ಹಾಕಿ ಕೌದಿಯ ಕೆಳಗೆ ಸರಿಸುತ್ತಾ ಹೋದೆ. ಸೂಜಿ ಸ್ಟೀಲಿಗೆ ತಾಗಿ ತಾನೇ ಮೇಲೆ ಬರುತ್ತದೆ. ಇದು ನಾನೇ ಕಂಡುಕೊಂಡದ್ದು, ಅವ್ವನಿಗೂ ಗೊತ್ತಿರಲಿಲ್ಲ!

ಉಬ್ಬಿದ ಮೂಲೆಗೆ ಕಾರಣ ನನ್ನ ಸೋಮಾರಿತನ. ಅಂಚಿನಿಂದ ಹೊಲಿದ ಹಾಗೆ ಸಡಿಲು ಬಟ್ಟೆ ಒಳಗೆ ಒಳಗೆ ತಳ್ಳಿಕೊಂಡು ಹೋಗುತ್ತದೆ. ಅದಕ್ಕೆ ಮೊದಲೇ ಐದೂ ಪದರ ಸೇರಿಸಿ ಅಡ್ಡಡ್ಡ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ನಾನು ಮೂರು ಮೂಲೆಗೆ ಹಾಕಿ, ಸಾಕು ಬಿಡು ಅಂದೆ. ನಾಲ್ಕನೆಯದು ಉಬ್ಬಿತು.

ದಾರದ ಬಗ್ಗೆ ಒಂದು ಮಾತು. ಗಟ್ಟಿ ಇರಲಿ ಅಂತ ನೈಲಾನ್ ತರಬೇಡಿ. ದಾರ ಬಟ್ಟೆಗಿಂತ ಗಟ್ಟಿಯಾದರೆ ಎಳೆದಾಗ ಹರಿಯೋದು ಬಟ್ಟೆ, ದಾರ ಅಲ್ಲ. ದಪ್ಪ ಹತ್ತಿ ದಾರ ಎರಡೆಳೆ ತೆಗೆದುಕೊಂಡು ಮೇಣದಬತ್ತಿಗೆ ಒಂದು ಸಲ ತಿಕ್ಕಿದರೆ ಗಂಟು ಬೀಳೋದು ಕಡಿಮೆ.

ಗುಲಾಬಿ ಕಲೆಯ ಕಥೆ ಇಷ್ಟೇ. ಆ ರೇಷ್ಮೆ ಸೆರಗನ್ನು ಅವ್ವ ಯಾವತ್ತೂ ತಣ್ಣೀರಲ್ಲಿ ಜಾಲಿಸಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ನಾನು ಕೌದಿ ಮುಗಿದ ಸಂಭ್ರಮದಲ್ಲಿ ವಾಷಿಂಗ್ ಮಷಿನ್‌ಗೆ ತುರುಕಿ ಬಿಸಿನೀರು ಒತ್ತಿದೆ. ಕೆಂಪೆಲ್ಲ ಇಳಿದು ಅಪ್ಪನ ಬಿಳಿ ಧೋತರಕ್ಕೆ ಹತ್ತಿತು. ಅಳು ಬಂತು. ಫೋನಿನಲ್ಲಿ ಅವ್ವ ಮಾತ್ರ, "ಹೋಗ್ಲಿ ಬಿಡು, ನಿಮ್ಮಪ್ಪನ ಧೋತರಕ್ಕ ನನ್ನ ಸೀರಿ ಬಣ್ಣ ಹತ್ತೈತಿ, ಏನೀಗ" ಅಂದಳು. ಅಪ್ಪ ತೀರಿಹೋಗಿ ಆಗ ಎರಡು ವರ್ಷ ಆಗಿತ್ತು. ಈಗ ಯಾವ ಕೌದಿ ಹೊಲಿದರೂ ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಬಕೆಟ್‌ನಲ್ಲಿ ನೆನೆಸಿ, ಬಣ್ಣ ಬಿಡುತ್ತದಾ ನೋಡಿಯೇ ಕತ್ತರಿ ಹಾಕೋದು.

ಹೇಳೋದು ಮರೆತೆ. ಕೊನೆಯ ಸುತ್ತಿಗೆ ಅವ್ವ ಬಂದಿದ್ದಳು. ನಡುವೆ ಅಂಗೈ ಅಗಲ ಜಾಗ ಹೊಲಿಯದೆ ಬಿಡು ಅಂದಳು. ಅದು ಕೌದಿಯ ಹೊಟ್ಟೆ, ಖಾಲಿ ಬಿಟ್ಟು ಮುಚ್ಚಬಾರದಂತೆ. ಜೋಳದ ಕಾಳು ಹಾಕೋಣ ಅಂದಳು. ಹುಳ ಬೀಳುತ್ತೆ ಯವ್ವಾ ಅಂದೆ. ಎದ್ದು ಹೋಗಿ ಐದೇ ಐದು ಕಾಳು ಹುರಿದು ತಂದು, ಒಳಗೆ ಹಾಕಿ, ತಾನೇ ಹೊಲಿದು ಮುಚ್ಚಿದಳು.

ಈಗ ಖಣ ಸವೆದುಹೋಗಿದೆ. ಕಾಲಿನ ಕಡೆ ಒಂದು ತುಂಡು ಪೂರ್ತಿ ಹರಿದು, ಕೆಳಗಿನ ಗುಲಾಬಿ ಧೋತರ ಇಣುಕುತ್ತಿದೆ. ಇಡೀ ಕೌದಿಯನ್ನು ಹೊಸದೊಂದರ ಹೊಟ್ಟೆಗೆ ಹಾಕಿಬಿಡು ಅಂತಾಳೆ ಅವ್ವ. ಊರಲ್ಲಿ ಹಳೆ ಕೌದಿಗೆ ಹಾಗೇ ಮಾಡೋದು, ಅದೇ ಒಳಗಿನ ಪದರ ಆಗುತ್ತದೆ. ನನಗೆ ಇನ್ನೂ ಮನಸ್ಸಿಲ್ಲ. ಸದ್ಯಕ್ಕೆ ತೇಪೆ ಹಾಕೋಣ ಅಂತ ಮಗಳ ಯೂನಿಫಾರ್ಮ್ ಮೇಲೆ ಕಣ್ಣಿಟ್ಟಿದ್ದೇನೆ, ಒಳ್ಳೆ ಮೆತ್ತಗಾಗಿದೆ. ಆದರೆ ಅವಳ ಪರೀಕ್ಷೆ ಮುಗಿಯೋದು ಮಾರ್ಚ್‌ಗೆ. ಅಲ್ಲಿವರೆಗೂ ದಿನಾ ಹಾಕಿಕೊಂಡು ಹೋಗಬೇಕಲ್ಲ.