ಎರಡನೇ ಕೀ ಎದುರು ಮನೆ ಅಜ್ಜಿ ಹತ್ತಿರ

"ಒಂಬತ್ತು ತಿಂಗಳು ಜರ್ಮನಿಯ ಸ್ಟುಟ್‌ಗಾರ್ಟ್. ಆನ್‌ಸೈಟ್, ಅಲ್ಲೇ ಇದ್ದು ಕೆಲಸ. ಹೋಗ್ತೀರಾ?" ಅಂತ ಮ್ಯಾನೇಜರ್ ಕೇಳಿದ್ದು 2023ರ ಬೇಸಿಗೆಯಲ್ಲಿ. ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಊಟದ್ದು, ಅದು ಅಮ್ಮನಿಂದ. ಎರಡನೆಯದು ಮಗಳದ್ದು, ಅದು ಉಳಿದ ಎಲ್ಲರಿಂದ. "ಆರು ವರ್ಷದ ಮಗೂನ ಬಿಟ್ಟು ಹೇಗೆ ಹೋಗ್ತೀಯಾ?" ಇದೇ ಪ್ರಾಜೆಕ್ಟ್‌ಗೆ ನನಗಿಂತ ಮೊದಲು ಹೋಗಿ ಬಂದವರಿಗೆ ಎರಡು ಮಕ್ಕಳು. ಅವರನ್ನು ಯಾರೂ ಹೀಗೆ ಕೇಳಲಿಲ್ಲವಂತೆ. ಬರುವಾಗ ಚಾಕಲೇಟ್ ತಾ ಅಂದರಂತೆ, ಅಷ್ಟೇ. ನಮ್ಮ ಅತ್ತೆ ಮಾತ್ರ "ಹೋಗಿ ಬಾಮ್ಮ, ನಾನಿಲ್ವಾ ಇಲ್ಲಿ" ಅಂದರು. ಆ ಒಂದು ಮಾತಿನ ಮೇಲೆ ಹೊರಟೆ.

ಹೊರಡುವ ಮುಂಚೆ ನಾನು ಹೆದರಿದ್ದು ಕತ್ತಲೆಗೆ, ಖಾಲಿ ರಸ್ತೆಗೆ, ಗೊತ್ತಿಲ್ಲದ ಜನಕ್ಕೆ. ಇಲ್ಲ ಅನ್ನಲಾರೆ, ಒಂದು ರಾತ್ರಿ ಎಸ್-ಬಾನ್ ಅನ್ನುವ ಲೋಕಲ್ ರೈಲು ಇಳಿದು ಬರುವಾಗ ಕುಡಿದವನೊಬ್ಬ ಏನೋ ಗೊಣಗುತ್ತಾ ಹಿಂದೆ ಬಿದ್ದ. ಸೀದಾ ಕಬಾಬ್ ಅಂಗಡಿಗೆ ನುಗ್ಗಿ ನಿಂತೆ. ಅಂಗಡಿಯವರು ಚಹಾ ಕೊಟ್ಟರು, ಅವನು ಹೋಗುವವರೆಗೂ ಕೂರಿಸಿಕೊಂಡರು. ಒಂಬತ್ತು ತಿಂಗಳಲ್ಲಿ ಅಂಥದ್ದು ಅದೊಂದೇ. ದಿನಾ ಕಾಡಿದ್ದು ಬೇರೆ. ಒಬ್ಬಳೇ ಇರುವುದೆಂದರೆ ಇನ್ನೊಂದು ಜೊತೆ ಕೈ ಇಲ್ಲ. ಸೂಟ್‌ಕೇಸ್ ಕಾಯಲು ಇನ್ನೊಬ್ಬರಿಲ್ಲ, ಪಾರ್ಸೆಲ್ ಇಸಿದುಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, "ಇದು ಸರಿ ಇದೆಯಾ ನೋಡು" ಅನ್ನಲು ಪಕ್ಕದಲ್ಲಿ ಯಾರೂ ಇಲ್ಲ.

ಮೊದಲನೇ ತಪ್ಪು ಟಿಕೆಟ್ ಮಾಡಿಸುವಾಗಲೇ ಆಯಿತು. ಸೆಪ್ಟೆಂಬರ್ 30, ಶನಿವಾರ ಬೆಳಗಿನ ಜಾವದ ವಿಮಾನ. ವಾರಾಂತ್ಯ ಸುಧಾರಿಸಿಕೊಂಡು ಕೆಲಸಕ್ಕೆ ಹೋಗೋಣ ಅಂತ ನನ್ನ ಲೆಕ್ಕ. ತೆರಿಗೆಯ ಲೆಕ್ಕ ತಲೆಗೇ ಬರಲಿಲ್ಲ. ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವವರು ಆ ಹಣಕಾಸು ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಭಾರತದಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ಇಲ್ಲಿನ ರೆಸಿಡೆಂಟ್, ಅಲ್ಲಿ ದುಡಿದದ್ದನ್ನೂ ಇಲ್ಲಿ ತೋರಿಸಬೇಕು. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ಕ್ಕೆ ಸರಿಯಾಗಿ 183 ದಿನ. ಎರಡು ದಿನ ಮುಂಚೆ ಹೊರಟಿದ್ದರೆ ಆ ವರ್ಷದ ಅಲ್ಲಿನ ಸಂಬಳವನ್ನು ಇಲ್ಲಿ ತೋರಿಸುವ ಗೋಜೇ ಇರುತ್ತಿರಲಿಲ್ಲ. ಆಮೇಲೆ ಫಾರ್ಮ್ 67 ತುಂಬಿ, ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಲು ಆಡಿಟರ್ ಹತ್ತಿರ ಮೂರು ಸಲ ಅಲೆದೆ. ನೀವು ಟಿಕೆಟ್ ಮಾಡಿಸುವ ಮುಂಚೆ ಕ್ಯಾಲೆಂಡರ್ ಇಟ್ಟುಕೊಂಡು ದಿನ ಎಣಿಸಿ.

ಒಂದು ಕಾಗದ ಮಾತ್ರ ಮರೆಯದೆ ಮಾಡಿಸಿದ್ದೆ. ಪಿಎಫ್ ಕಚೇರಿಯಿಂದ ಸಿಗುವ ಸರ್ಟಿಫಿಕೇಟ್ ಆಫ್ ಕವರೇಜ್. ಭಾರತಕ್ಕೂ ಜರ್ಮನಿಗೂ 2017ರ ಮೇ 1ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತೆ ಒಪ್ಪಂದ ಇದೆ. ಇಲ್ಲಿನ ಕಂಪನಿಯೇ ಕಳಿಸಿದ್ದರೆ, ಇಲ್ಲಿ ಪಿಎಫ್ ಕಟ್ಟುತ್ತಿದ್ದರೆ, ಈ ಕಾಗದ ತೋರಿಸಿದರೆ 48 ತಿಂಗಳವರೆಗೆ ಅಲ್ಲಿನ ಪಿಂಚಣಿ ವಂತಿಗೆ ಕಟ್ಟಬೇಕಿಲ್ಲ. ಆ ವಂತಿಗೆ ಸಂಬಳದ 18.6%, ಅದರಲ್ಲಿ ಅರ್ಧ ಕೆಲಸಗಾರರ ಜೇಬಿನಿಂದ ಹೋಗುತ್ತದೆ. ಎಚ್‌ಆರ್‌ನವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ, ನೀವೇ ಕೇಳಿ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ವಿಮಾನ ನಿಲ್ದಾಣದ ಪಕ್ಕದಲ್ಲೇ ರೈಲು ಹತ್ತಿ, ಒಂದೂಕಾಲು ಗಂಟೆಗೆ ಸ್ಟುಟ್‌ಗಾರ್ಟ್. ಅಲ್ಲಿಯವರೆಗೂ ಎಲ್ಲ ಸಲೀಸು. ಆ ಊರಿನ ಮುಖ್ಯ ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕೆಲಸ 2010ರಿಂದ ನಡೆಯುತ್ತಿದೆ. ನಮ್ಮ ಮೆಟ್ರೋ ಕೆಲಸ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಪ್ಲಾಟ್‌ಫಾರ್ಮ್‌ನಿಂದ ಹೊರಬರಲು ತಗಡಿನ ಗೋಡೆಗಳ ನಡುವೆ ನಡೆದಷ್ಟೂ ದಾರಿ. 23 ಕಿಲೋದ ಎರಡು ಸೂಟ್‌ಕೇಸ್, ಬೆನ್ನಿಗೆ ಲ್ಯಾಪ್‌ಟಾಪ್, ಹೆಗಲಿಗೆ ಅಮ್ಮ ಕೊಟ್ಟ ಚೀಲ. ಮಧ್ಯೆ ಟಾಯ್ಲೆಟ್‌ಗೆ ಹೋಗಬೇಕಾಯಿತು. ಸೂಟ್‌ಕೇಸ್ ಯಾರ ಹತ್ತಿರ ಬಿಡೋದು? ಹೋಟೆಲ್ ತಲುಪುವವರೆಗೂ ತಡೆದುಕೊಂಡೆ. ಒಬ್ಬರೇ ಹೋಗುವವರು ದೊಡ್ಡ ಸೂಟ್‌ಕೇಸ್ ಒಂದೇ ಒಯ್ಯಿರಿ. ನಾಲ್ಕು ಕಿಲೋ ಅಕ್ಕಿ ಹೊತ್ತಿದ್ದೆ ನಾನು, ಹೋಟೆಲ್‌ನಿಂದ ಹತ್ತು ನಿಮಿಷದ ದಾರಿಯಲ್ಲಿ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಸೋನಾ ಮಸೂರಿ ಮೂಟೆಗಟ್ಟಲೆ ಇತ್ತು.

ಆ ಅಂಗಡಿ ಸಿಕ್ಕಿದ್ದು ಮೂರು ದಿನ ಆದಮೇಲೆ. ಶನಿವಾರ ಮಲಗಿದವಳು ಎದ್ದಿದ್ದು ಭಾನುವಾರ ಹನ್ನೊಂದಕ್ಕೆ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ ಅಂತ ಓದಿದ್ದೆ. ಮುಚ್ಚೋದು ಅಂದರೆ ನಮ್ಮ ಬಂದ್ ದಿನದ ಹಾಗೆ ಅರ್ಧ ಶಟರ್ ಎತ್ತಿಕೊಂಡಲ್ಲ, ನಿಜವಾಗಿ ಮುಚ್ಚೋದು. ರೈಲು ನಿಲ್ದಾಣ, ಪೆಟ್ರೋಲ್ ಬಂಕ್‌ಗಳಲ್ಲಿ ಏನಾದರೂ ಸಿಗುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ಅವತ್ತು ಚಪಾತಿ, ಶೇಂಗಾ ಚಟ್ನಿಪುಡಿ. ಸೋಮವಾರ ಆಫೀಸು, ಮಂಗಳವಾರ ಅಕ್ಟೋಬರ್ 3, ಜರ್ಮನಿ ಒಂದಾದ ದಿನದ ರಜೆ, ಮತ್ತೆ ಚಪಾತಿ, ಚಟ್ನಿಪುಡಿ. ಸೋಮವಾರವೋ ಮಂಗಳವಾರವೋ ಇಳಿಯಿರಿ, ಕ್ಯಾಲೆಂಡರ್‌ನಲ್ಲಿ ರಜೆ ನೋಡಿಕೊಂಡು.

ಕಂಪನಿ ಹೋಟೆಲ್ ಕೊಟ್ಟಿದ್ದು ಒಂದೇ ತಿಂಗಳಿಗೆ. ಅಷ್ಟರಲ್ಲಿ ಮನೆ ಹಿಡಿಯಬೇಕು. ಅಲ್ಲಿ ಸುಮ್ಮನೆ "ಮನೆ" ಅಂದರೆ ಖಾಲಿ ಮನೆ. ಎಷ್ಟೋ ಕಡೆ ಒಲೆ, ಸಿಂಕು ಕೂಡ ಇರುವುದಿಲ್ಲ, ಬಲ್ಬಿನ ಜಾಗದಲ್ಲಿ ಎರಡು ವೈರು ನೇತಾಡುತ್ತಿರುತ್ತವೆ. ನಮ್ಮಂಥವರು ಹುಡುಕಬೇಕಾದ್ದು ಫರ್ನಿಚರ್ ಸಮೇತ, ಇಷ್ಟೇ ತಿಂಗಳಿಗೆ ಅಂತ ಕೊಡುವ ಮನೆ. ಬಾಡಿಗೆಯಲ್ಲೂ ಎರಡು ಥರ. ಕಾಲ್ಟ್ ಅಂದರೆ ತಣ್ಣನೆಯದು, ಬರೀ ಮನೆಯ ಬಾಡಿಗೆ. ವಾರ್ಮ್ ಅಂದರೆ ಬೆಚ್ಚನೆಯದು, ಹೀಟಿಂಗ್, ನೀರು, ಕಸದ ಖರ್ಚು ಸೇರಿದ್ದು. ಡಿಪಾಸಿಟ್ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಲ್ಲಿ ಕೊಡಬಹುದು. ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬೆಳೆದ ಬೆಂಗಳೂರಿನವಳಿಗೆ ಇದು ಹಬ್ಬದ ಊಟ.

ಮೋಸ ಹೋಗುವುದರಲ್ಲಿದ್ದೆ. ಎರಡು ರೂಮು, ಬಾಲ್ಕನಿ, 600 ಯೂರೋ. ಫೋಟೋದಲ್ಲಿ ಬಿಸಿಲು. ಓನರ್ ಲಂಡನ್ನಿನಲ್ಲಿದ್ದಾರಂತೆ, ಡಿಪಾಸಿಟ್ ಹಾಕಿದರೆ ಕೀ ಕೊರಿಯರ್‌ನಲ್ಲಿ ಬರುತ್ತದಂತೆ. ಅಕೌಂಟ್ ನಂಬರ್ ಹಾಕಿ, ಮೊತ್ತ ಹಾಕಿ, ಮಗಳ ಜೊತೆ ಮಾತಾಡಿ ಕಳಿಸೋಣ ಅಂತ ಮನೆಗೆ ಫೋನ್ ಮಾಡಿದೆ. ವಿಷಯ ಹೇಳಿದರೆ ಗಂಡ ಕೇಳಿದ್ದು ಒಂದೇ: "ಮನೆ ಒಳಗೆ ಕಾಲಿಟ್ಟಿದ್ಯಾ?" ಇಲ್ಲ. ಅಷ್ಟೇ ಕತೆ. ಆ ಜಾಹೀರಾತು ಮರುದಿನ ಮಾಯ. ಎದುರಿಗೆ ಕೂತು ನೋಡುವವರಿಲ್ಲದಾಗ, ದುಡ್ಡು ಕಳಿಸುವ ಮುಂಚೆ ಯಾರಿಗಾದರೂ ಒಮ್ಮೆ ಜೋರಾಗಿ ಓದಿ ಹೇಳುವುದು ಅಂತ ಅವತ್ತೇ ನಿಯಮ ಮಾಡಿಕೊಂಡೆ.

ಕೊನೆಗೆ ಬಾಡ್ ಕಾನ್‌ಸ್ಟಾಟ್ ಅನ್ನುವ ಬಡಾವಣೆಯಲ್ಲಿ ಮೂರನೇ ಮಹಡಿಯ ಒಂದು ರೂಮು ಸಿಕ್ಕಿತು. ಲಿಫ್ಟ್ ಇಲ್ಲ. ಬೆಚ್ಚನೆ ಬಾಡಿಗೆ 890 ಯೂರೋ. ಮನೆ ಸೇರಿದ ಎರಡು ವಾರದೊಳಗೆ ನಗರಪಾಲಿಕೆಯ ಕಚೇರಿಯಲ್ಲಿ ವಿಳಾಸ ಬರೆಸಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಮನೆ ಕೊಟ್ಟವರು ಒಂದು ಹಾಳೆಗೆ ಸಹಿ ಹಾಕಿ ಕೊಡಬೇಕು. "ಸಹಿ ಗಿಹಿ ಬೇಡ, ಸುಮ್ನೆ ಇರಿ" ಅನ್ನುವ ಮನೆಯಾದರೆ ಎದ್ದು ಬನ್ನಿ. ಆ ಹಾಳೆ ಇಲ್ಲದೆ ಅಲ್ಲಿ ನೀವು ಇಲ್ಲ. ವಿಳಾಸ ಬರೆಸಿದ ಮೇಲೆ ತೆರಿಗೆ ನಂಬರ್ ಅಂಚೆಯಲ್ಲೇ ಬರುತ್ತದೆ. ಟಿವಿ, ರೇಡಿಯೋ ವಂತಿಗೆ ಕಟ್ಟಿ ಅಂತ ಇನ್ನೊಂದು ಪತ್ರ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೂ ಕಟ್ಟಬೇಕು.

ಈ ಪತ್ರಗಳು ನನಗೆ ಬರಲೇ ಇಲ್ಲ. ಬ್ಯಾಂಕಿನ ಕಾರ್ಡ್ ಬರಲಿಲ್ಲ, ಪಿನ್ ಬರಲಿಲ್ಲ. ಮೂರು ವಾರ ಕಾದು ಬ್ಯಾಂಕಿಗೆ ಹೋದರೆ, "ಕಳಿಸಿದ್ದು ವಾಪಸ್ ಬಂದಿದೆ" ಅಂದರು. ಕಾರಣ ನನ್ನ ಹೆಸರು. ನಮ್ಮ ಕಡೆ ಹೆಸರಿಗೊಂದು ಇನಿಶಿಯಲ್, ಸರ್‌ನೇಮ್ ಎಲ್ಲಿಂದ ತರೋದು? ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗದಲ್ಲಿ ಅಪ್ಪನ ಹೆಸರು ಬರೆದಿದ್ದೆವು. ಮೇಲ್‌ಬಾಕ್ಸ್ ಮೇಲೆ ನಾನು ಅಂಟಿಸಿದ್ದು ನನ್ನ ಹೆಸರು ಮಾತ್ರ. ಅಲ್ಲಿ ಅಂಚೆಯವರು ನೋಡುವುದು ಸರ್‌ನೇಮ್. ಡಬ್ಬದ ಮೇಲೆ ಆ ಹೆಸರಿಲ್ಲ ಅಂದರೆ ಆ ಮನುಷ್ಯ ಅಲ್ಲಿಲ್ಲ. ಅವತ್ತೇ ಅಪ್ಪನ ಹೆಸರು ದಪ್ಪಕ್ಷರದಲ್ಲಿ ಬರೆದು, ಡಬ್ಬಕ್ಕೊಂದು, ಕಾಲಿಂಗ್ ಬೆಲ್‌ಗೊಂದು ಅಂಟಿಸಿದೆ. ಆಮೇಲೆ ಹೊರಡುವವರೆಗೂ ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ಎಲ್ಲ ಕಡೆ "ಫ್ರಾವ್" ಅಂತ, ಅಂದರೆ ಶ್ರೀಮತಿ ಅಂತ ಸೇರಿಸಿ ನನ್ನನ್ನು ಅಪ್ಪನ ಹೆಸರಿನಿಂದ ಕೂಗಿದ್ದೇ ಕೂಗಿದ್ದು. ಅಪ್ಪನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು.

ಇನ್ನು ಕೇರ್‌ವೋಖೆ. ನಮ್ಮ ಮೊರದಲ್ಲಿ ಕೇರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಕೇರ್ ಅಂದರೆ ಗುಡಿಸು, ವೋಖೆ ಅಂದರೆ ವಾರ. ಸ್ಟುಟ್‌ಗಾರ್ಟ್ ಸೀಮೆಯವರ ಹಳೇ ಪದ್ಧತಿ. ಒಂದು ಶುಕ್ರವಾರ ಬಾಗಿಲು ತೆಗೆದರೆ ಹಿಡಿಕೆಗೆ ಸಣ್ಣ ಬೋರ್ಡ್ ನೇತಾಡುತ್ತಿತ್ತು. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನನ್ನದು ಅಂತ. ಗುಡಿಸಿ ಒರೆಸೋದು ನನಗೆ ಹೇಳಿಕೊಡಬೇಕಾ? ಒಂದು ಬಕೆಟ್ ನೀರು ತಂದು ಮೇಲಿಂದ ಸುರಿದು ಪೊರಕೆ ಹಿಡಿದೆ. ಮರದ ಮೆಟ್ಟಿಲು! ಎದುರು ಮನೆಯ ಬಾಗಿಲು ದಡಾರನೆ ತೆರೆಯಿತು. ಎಂಬತ್ತರ ಆಸುಪಾಸಿನ ಅಜ್ಜಿ. ಅವರ ಭಾಷೆ ನನಗೆ ಅರ್ಧವೂ ಅರ್ಥವಾಗಲಿಲ್ಲ, ಬೈಗುಳ ಪೂರ್ತಿ ಅರ್ಥವಾಯಿತು. ಆಮೇಲೆ ಅವರೇ ಒಂದು ಬಟ್ಟೆ ತಂದು, ಅದ್ದಿ, ಹನಿ ನೀರೂ ಉಳಿಯದಂತೆ ಹಿಂಡಿ, ಒಂದು ಮೆಟ್ಟಿಲು ಒರೆಸಿ ತೋರಿಸಿದರು. ಮೂಲೆಗೆ ಬೆರಳು ತೂರಿಸಿ. ನಮ್ಮಜ್ಜಿ ದೇವರ ಮನೆ ಒರೆಸುತ್ತಿದ್ದದ್ದೂ ಹೀಗೇ.

ಆ ಪರಿಚಯ ಎಷ್ಟು ಉಪಕಾರಕ್ಕೆ ಬಂತು ಅನ್ನುವುದು ಸ್ವಲ್ಪ ದಿನದಲ್ಲೇ ಗೊತ್ತಾಯಿತು. ನವೆಂಬರ್ ಮೊದಲ ವಾರ, ರಾತ್ರಿ ಎಂಟು. ಕಸ ಹಾಕಿ ಬರೋಣ ಅಂತ ಕೆಳಗಿಳಿದೆ. ಕಾಲಲ್ಲಿ ಮನೆಯ ಚಪ್ಪಲಿ, ಮೈಮೇಲೆ ನೈಟಿ, ಅದರ ಮೇಲೊಂದು ಶಾಲು. ವಾಪಸ್ ಬಂದರೆ ಬಾಗಿಲು ಮುಚ್ಚಿಕೊಂಡಿದೆ. ಅಲ್ಲಿನ ಬಾಗಿಲುಗಳಿಗೆ ಹೊರಗಡೆ ತಿರುಗಿಸುವ ಹಿಡಿಕೆ ಇಲ್ಲ, ಎಳೆದುಕೊಂಡರೆ ಮುಗೀತು, ಕೀ ಬೇಕೇ ಬೇಕು. ಕೀ ಒಳಗೆ, ಫೋನ್ ಒಳಗೆ, ಒಲೆಯ ಮೇಲೆ ಸಾರು. ಬೆಂಗಳೂರಾದರೆ ಗಂಡ, ಅತ್ತೆ, ಪಕ್ಕದ ಮನೆ, ವಾಚ್‌ಮನ್. ಇಲ್ಲಿ ಎದುರು ಬಾಗಿಲು ಒಂದೇ. ತಟ್ಟಿದೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಮಾತೂ ಆಡದೆ ಅವರ ಲ್ಯಾಂಡ್‌ಲೈನ್‌ನಿಂದ ಮನೆ ಓನರ್‌ಗೆ ಫೋನ್ ಹಚ್ಚಿದರು. ಓನರ್ ಇದ್ದದ್ದು ಅದೇ ಊರಲ್ಲಿ, ನಲವತ್ತು ನಿಮಿಷಕ್ಕೆ ಕೀ ತಂದರು. ಅವರು ಸಿಗದಿದ್ದರೆ ಬೀಗ ತೆಗೆಯುವವರನ್ನೇ ಕರೆಸಬೇಕಿತ್ತು. ರಾತ್ರಿ, ಭಾನುವಾರ ಆದರೆ ಅವರು ನೂರಾರು ಯೂರೋ ಕೇಳುತ್ತಾರೆ. ಸಾರು ಸೀದು ಕರಿ, ಸದ್ಯ ಹೊಗೆಯ ಅಲಾರಂ ಹೊಡೆದುಕೊಂಡಿರಲಿಲ್ಲ. ಮರುದಿನವೇ ಎರಡನೇ ಕೀ ಅಜ್ಜಿಗೆ ಕೊಟ್ಟೆ. ಅವರು ಗೋಡೆಯ ಮೊಳೆಗೆ ನೇತುಹಾಕಿ, ಅದರ ಕೆಳಗೆ ಒಂದು ಚೀಟಿ ಅಂಟಿಸಿದರು. ಚೀಟಿಯಲ್ಲೂ ಅಪ್ಪನ ಹೆಸರೇ.

ನವೆಂಬರ್ 12ಕ್ಕೆ ದೀಪಾವಳಿ. ಬಾಗಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ಏಳು ಚುಕ್ಕಿಯ ಸಣ್ಣ ರಂಗೋಲಿ ಹಾಕಿದೆ. ಹಾಕಿದ ಮೇಲೆ ಭಯ ಆಯಿತು, ಮೆಟ್ಟಿಲಲ್ಲಿ ಹಿಟ್ಟು ಚೆಲ್ಲಿದ್ದಾಳೆ ಅಂತ ಬೈದರೆ? ಮುಂದಿನ ಶನಿವಾರ ಅಜ್ಜಿಯ ಸರದಿ. ನಾನು ಎದ್ದು ನೋಡುವಷ್ಟರಲ್ಲಿ ಒರೆಸಿ ಮುಗಿಸಿದ್ದರು. ಕಾಲಿಗೆ ಸಿಕ್ಕು ಅರ್ಧ ಅಳಿಸಿದ್ದ ರಂಗೋಲಿ ಇದ್ದಷ್ಟು ಜಾಗ ಬಿಟ್ಟು, ಸುತ್ತಲೂ ಚೌಕವಾಗಿ.

ಮಗಳ ವಿಷಯ. ಅವಳು ಮಲಗುವುದು ರಾತ್ರಿ ಒಂಬತ್ತಕ್ಕೆ, ನನಗೆ ಆಗ ಸಂಜೆ ಐದೂವರೆ. ಆಫೀಸಿಂದ ಹೊರಬಿದ್ದು, ನಡೆಯುತ್ತಾ ಕತೆ ಹೇಳುತ್ತಿದ್ದೆ. ಅಕ್ಟೋಬರ್ 29ಕ್ಕೆ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಕತೆಯ ಹೊತ್ತು ನಾಲ್ಕೂವರೆಗೆ ಬಂತು, ಸರಿಯಾಗಿ ಮೀಟಿಂಗ್ ಹೊತ್ತಿಗೆ. ಮೊದಲ ವಾರ ಮೂರು ದಿನ ತಪ್ಪಿತು. ನಾಲ್ಕನೇ ದಿನ ಅವಳು ಫೋನಿಗೆ ಬರಲಿಲ್ಲ, "ನಿದ್ದೆ ಬಂದಿದೆ ಅನ್ನು" ಅಂತ ಅವಳೇ ಹಿಂದಿನಿಂದ ಹೇಳಿಕೊಟ್ಟದ್ದು ಕೇಳಿಸಿತು. ಅವತ್ತು ಟಾಯ್ಲೆಟ್‌ನಲ್ಲಿ ಕೂತು ಅತ್ತಿದ್ದೇನೆ. ಮರುದಿನ ಆಫೀಸ್ ಕ್ಯಾಲೆಂಡರ್‌ನಲ್ಲಿ ನಾಲ್ಕೂವರೆಯಿಂದ ಐದರವರೆಗೆ ಬ್ಲಾಕ್ ಮಾಡಿ "ಮಗಳು" ಅಂತಲೇ ಬರೆದೆ. ಯಾರಾದರೂ ಏನಾದರೂ ಅಂತಾರೆ ಅಂದುಕೊಂಡಿದ್ದೆ. ಯಾರೂ ಅನ್ನಲಿಲ್ಲ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗಿರುತ್ತಾನೆ. ಕತ್ತಲೆಯ ಕಿಟಕಿ ತೋರಿಸಿದರೆ ಮಗಳಿಗೆ ಖುಷಿ, ಅಮ್ಮನಿಗೂ ರಾತ್ರಿ ಆಯ್ತು ಅಂತ.

ಊಟದ ಬಗ್ಗೆ ಅಮ್ಮ ಹೆದರಿದ್ದು ಸುಮ್ನೆ. ಒಂದೇ ಎಚ್ಚರ, ಮೌಲ್‌ಟಾಶೆನ್ ಅಂತ ನಮ್ಮ ಕಡುಬಿನ ಥರದ್ದೊಂದು ಸಿಗುತ್ತದೆ, ಪಾಲಕ್ ಕಾಣುತ್ತದೆ, ಒಳಗೆ ಮಾಂಸ ಇರುತ್ತದೆ. ಉಪವಾಸದ ದಿನಗಳಲ್ಲಿ ಸನ್ಯಾಸಿಗಳು ದೇವರ ಕಣ್ಣಿಗೆ ಮಣ್ಣೆರಚಲು ಮಾಡಿದ ತಿಂಡಿ ಅಂತ ಅಲ್ಲಿ ಕತೆ ಹೇಳುತ್ತಾರೆ. ದೇವರೇ ಮೋಸ ಹೋದಮೇಲೆ ನನ್ನದೇನು! ತರಕಾರಿಯದ್ದೂ ಇದೆ, ಕೇಳಿ ತೆಗೆದುಕೊಳ್ಳಿ.

ಹೊರಡುವಾಗಲೂ ಕಾಗದಗಳಿವೆ. ವಿಳಾಸ ತೆಗೆಸಬೇಕು, ಆ ಕಾಗದ ತೋರಿಸಿ ಟಿವಿ ವಂತಿಗೆ ನಿಲ್ಲಿಸಬೇಕು, 2024ರಲ್ಲಿ 49 ಯೂರೋ ಇದ್ದ ರೈಲು ಪಾಸನ್ನು ತಿಂಗಳ ಹತ್ತನೇ ತಾರೀಖಿನೊಳಗೆ ರದ್ದು ಮಾಡಬೇಕು. ಬ್ಯಾಂಕ್ ಖಾತೆ ಮಾತ್ರ ಡಿಪಾಸಿಟ್ ವಾಪಸ್ ಬರುವವರೆಗೆ ಇರಲಿ.

ನಾನು ಹೊರಟಿದ್ದು 2024ರ ಜೂನ್ ಕೊನೆಯಲ್ಲಿ. ಯೂರೋ ಫುಟ್‌ಬಾಲ್ ನಡೆಯುತ್ತಿತ್ತು, ಸ್ಟೇಡಿಯಂ ಇರುವುದೇ ಕಾನ್‌ಸ್ಟಾಟ್‌ನಲ್ಲಿ. ಆ ವಾರ ಬೀದಿ ತುಂಬ ಸ್ಕರ್ಟಿನಂಥ ಕಿಲ್ಟ್ ಉಟ್ಟ ಸ್ಕಾಟ್ಲೆಂಡಿನ ಗಂಡಸರು. ಕೊನೆಯ ಶುಕ್ರವಾರ ಬಾಗಿಲಿಗೆ ಮತ್ತೆ ಆ ಬೋರ್ಡ್. ಸೂಟ್‌ಕೇಸ್ ಅರ್ಧ ತುಂಬಿ ಬಿಟ್ಟು, ಬಟ್ಟೆ ಹಿಂಡಿಕೊಂಡು ಮೆಟ್ಟಿಲು ಒರೆಸಿದೆ. ಅಜ್ಜಿ ಬಂದು ಮೂಲೆಗೆ ಬೆರಳಾಡಿಸಿ ನೋಡಿದರು. ಆಮೇಲೆ ಒಳಗೆ ಹೋಗಿ, ಮೊಳೆಯಿಂದ ನನ್ನ ಕೀ ತೆಗೆದು ತಂದು ಕೈಗಿಟ್ಟರು. ಅಪ್ಪನ ಹೆಸರಿನ ಚೀಟಿ ಗೋಡೆಯ ಮೇಲೆ ಹಾಗೇ ಇತ್ತು.